ಟ್ಯಾಂಕಿನಲ್ಲಿ ಬಿಸಿ, ನಲ್ಲಿಯಲ್ಲಿ ಉಗುರುಬೆಚ್ಚಗೆ: ಮನೆಯ ಬಿಸಿನೀರು ಏರುಪೇರಾಗುವುದೇಕೆ?

ಮೇಲಿನ ಮಹಡಿಯ ಬಾತ್‌ರೂಮಿನಲ್ಲಿ ಕೈ ಸುಡುವಷ್ಟು ಬಿಸಿನೀರು ಬರುತ್ತದೆ, ಕೆಳಗಿನದರಲ್ಲಿ ಒಂದು ಬಕೆಟ್ ತಣ್ಣೀರು ಚೆಲ್ಲಿದ ಮೇಲೂ ಉಗುರುಬೆಚ್ಚಗಿನ ನೀರೇ ಗತಿ ಎಂಬುದು ಸೋಲಾರ್ ಇರುವ ಮನೆಗಳಿಂದ ನಮ್ಮ ಕಸುಬಿನವರಿಗೆ ಬರುವ ದೂರುಗಳಲ್ಲಿ ತೀರ ಸಾಮಾನ್ಯವಾದದ್ದು. ದೂರಿನ ಬೆನ್ನಿಗೇ ಮನೆಯವರು ತಾವೇ ಯೋಚಿಸಿಟ್ಟುಕೊಂಡ ಪರಿಹಾರವನ್ನೂ ಹೇಳುತ್ತಾರೆ. 200 ಲೀಟರಿನ ಟ್ಯಾಂಕನ್ನು ಇಳಿಸಿ 300 ಲೀಟರಿನದನ್ನು ಕೂರಿಸಬೇಕು, ಇಲ್ಲವೇ ಪ್ರತಿ ಬಾತ್‌ರೂಮಿಗೂ ಒಂದೊಂದು ಗೀಸರ್ ಹಾಕಿಸಬೇಕು ಎನ್ನುತ್ತಾರೆ. ಈ ಎರಡಕ್ಕೂ ಹಣ ಸುರಿಯುವ ಮೊದಲು ಟ್ಯಾಂಕಿನಿಂದ ನಲ್ಲಿಯವರೆಗಿನ ದಾರಿಯನ್ನು ಪರೀಕ್ಷಿಸಿ ನೋಡಬೇಕೆಂಬುದು ನನ್ನ ಒತ್ತಾಯ. ಮನೆಯೊಳಗೆ ಬಿಸಿನೀರು ಏರುಪೇರಾಗುವುದಕ್ಕೆ ಶಾಖದ ಕೊರತೆ ಕಾರಣವಾಗಿರುವುದು ಅಪರೂಪ. ಪೈಪಿನ ಉದ್ದ, ಅದರ ಅಳತೆ, ತಣ್ಣೀರು ಮತ್ತು ಬಿಸಿನೀರಿನ ಒತ್ತಡಗಳ ನಡುವಿನ ಅಂತರ, ಇವುಗಳಲ್ಲೇ ಬಹುಪಾಲು ದೋಷ ಅಡಗಿರುತ್ತದೆ.

ಶಾಖದ ಲೆಕ್ಕ ಸರಳವಾದದ್ದು. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.19 ಕಿಲೋಜೌಲ್ ಬೇಕು. ಅದರಂತೆ 200 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಬೇಕಾಗುವ ಶಾಖ ಸುಮಾರು 8 ಯೂನಿಟ್ ವಿದ್ಯುತ್ತಿಗೆ ಸಮ. ಬಳಕೆಯ ಕಡೆ ನೋಡಿದರೆ, ಸ್ನಾನಕ್ಕೆ ಹಿತವೆನಿಸುವುದು ಸುಮಾರು 40 ಡಿಗ್ರಿಯ ನೀರು. ಅಂಥ ನೀರು 20 ಲೀಟರಿನ ಒಂದು ಬಕೆಟ್ ತುಂಬಲು 60 ಡಿಗ್ರಿಯ ಬಿಸಿನೀರು 9 ಲೀಟರಿಗಿಂತ ಕಡಿಮೆ ಸಾಕು, ಉಳಿದದ್ದು ತಣ್ಣೀರು. ನಿಮಿಷಕ್ಕೆ 8 ಲೀಟರ್ ಸುರಿಸುವ ಶವರಿನ ಕೆಳಗೆ 10 ನಿಮಿಷ ನಿಂತರೂ ಖರ್ಚಾಗುವುದು 34–35 ಲೀಟರ್ ಬಿಸಿನೀರು ಮಾತ್ರ. ನಾಲ್ವರೂ ಶವರಿನಲ್ಲೇ ಸ್ನಾನ ಮಾಡಿದರೂ 140 ಲೀಟರ್ ದಾಟುವುದಿಲ್ಲ. ಹಾಗಿರುವಾಗ ಬಿಸಿಲು ಚೆನ್ನಾಗಿದ್ದ ದಿನವೂ 200 ಲೀಟರಿನ ಟ್ಯಾಂಕು ನಾಲ್ವರಿಗೆ ಸಾಲದೆ ಹೋದರೆ ಆ ನೀರು ಎಲ್ಲಿಗೆ ಹೋಯಿತೆಂದು ಹುಡುಕುವುದೇ ಸರಿಯಾದ ಕ್ರಮ.

ಹುಡುಕಲು ಒಂದು ಥರ್ಮಾಮೀಟರ್, ಒಂದು ಬಕೆಟ್, ಒಂದು ಗಡಿಯಾರ ಸಾಕು. ಟ್ಯಾಂಕಿಗೆ ಅತಿ ಹತ್ತಿರವಾದ ನಲ್ಲಿಯಲ್ಲಿ ಸಂಜೆ ನೀರಿನ ಉಷ್ಣತೆಯನ್ನು ಬರೆದಿಟ್ಟುಕೊಂಡು, ರಾತ್ರಿ ಯಾರೂ ಬಿಸಿನೀರು ಬಳಸದೆ, ಬೆಳಗಿನ ಜಾವ ಮತ್ತೆ ಅಳೆಯಬೇಕು. ಹತ್ತು ಡಿಗ್ರಿಗಿಂತ ಹೆಚ್ಚು ಇಳಿದಿದ್ದರೆ ಟ್ಯಾಂಕಿನ ಹೊದಿಕೆಯ ಬಗ್ಗೆ ಅನುಮಾನಪಡಬಹುದು. ಆಮೇಲೆ ಒಂದೊಂದೇ ಬಾತ್‌ರೂಮಿಗೆ ಹೋಗಿ, ಬಿಸಿನೀರಿನ ನಲ್ಲಿಯೊಂದನ್ನೇ ತೆರೆದು, ನೀರು ಬಿಸಿಯಾಗುವವರೆಗೆ ಎಷ್ಟು ಲೀಟರ್ ಹರಿಯಿತು, ಎಷ್ಟು ಹೊತ್ತು ಹಿಡಿಯಿತು, ಕೊನೆಗೆ ಎಷ್ಟು ಡಿಗ್ರಿಗೆ ಬಂದು ನಿಂತಿತು ಎಂಬುದನ್ನು ಗುರುತು ಮಾಡಿಕೊಳ್ಳಬೇಕು. ತಡವಾಗಿಯಾದರೂ ಪೂರ್ತಿ ಬಿಸಿಯಾಗುವುದು, ಎಷ್ಟು ಹೊತ್ತು ಬಿಟ್ಟರೂ ಪೂರ್ತಿ ಬಿಸಿಯಾಗದಿರುವುದು, ಬಿಸಿಯಾಗಿದ್ದರೂ ಸಣ್ಣ ಧಾರೆಯಾಗಿ ಬರುವುದು, ಇವು ಬೇರೆ ಬೇರೆ ಕಾಯಿಲೆಗಳು. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ.

ತಡವಾಗಿ ಬಿಸಿಯಾಗುವುದಕ್ಕೆ ಕಾರಣ ಪೈಪಿನೊಳಗೆ ಆರಿ ನಿಂತ ನೀರು. ಬಿಸಿನೀರಿಗೆ ಬಳಸುವ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಒಂದು ಇಂಚಿನದಾದರೆ ಮೀಟರಿಗೆ ಸುಮಾರು 0.43 ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮುಕ್ಕಾಲು ಇಂಚಿನದು 0.26, ಅರ್ಧ ಇಂಚಿನದು 0.12. ಟ್ಯಾಂಕಿನಿಂದ ಕೆಳಮನೆಯ ನಲ್ಲಿಗೆ 25 ಮೀಟರ್ ದೂರವಿದ್ದು, ಅಷ್ಟೂ ಒಂದು ಇಂಚಿನ ಪೈಪಾದರೆ ಪ್ರತಿ ಸಲವೂ ಹತ್ತು ಲೀಟರಿಗಿಂತ ಹೆಚ್ಚು ನೀರನ್ನು ಹೊರಗೆ ಬಿಡದೆ ಬಿಸಿನೀರು ತಲುಪುವುದಿಲ್ಲ. ಸ್ನಾನವಾದ ಮೇಲೆ ಅಷ್ಟೇ ಬಿಸಿನೀರು ಪೈಪಿನಲ್ಲಿ ಉಳಿದು ಆರಿಹೋಗುತ್ತದೆ. ದಿನಕ್ಕೆ ಮೂರು ಸಲ ಹೀಗಾದರೆ 30 ಲೀಟರ್ ಬಿಸಿನೀರು, ಎಂದರೆ 200 ಲೀಟರಿನ ಟ್ಯಾಂಕಿನ ಏಳನೆಯ ಒಂದು ಭಾಗ, ಯಾರ ಮೈಮೇಲೂ ಬೀಳದೆ ಮುಗಿದಿರುತ್ತದೆ. ಮಲೆನಾಡಿನ ಬಚ್ಚಲುಮನೆಯಲ್ಲಿ ಒಲೆಯ ಮೇಲಿನ ಹಂಡೆಯಿಂದ ನೀರನ್ನು ನೇರವಾಗಿ ತೋಡಿಕೊಳ್ಳುವುದರಿಂದ ಈ ನಷ್ಟ ಇಲ್ಲವೇ ಇಲ್ಲ. ಅಲ್ಲಿನ ನಷ್ಟವೆಲ್ಲ ಒಲೆಯ ಹೊಗೆಯ ದಾರಿಯಲ್ಲಿ.

ದಪ್ಪ ಪೈಪು ಹಾಕಿದರೆ ಒತ್ತಡ ಹೆಚ್ಚುತ್ತದೆಂಬ ನಂಬಿಕೆ ಕಟ್ಟಡ ಕಟ್ಟುವವರಲ್ಲಿ ಬಲವಾಗಿದೆ. ಪೈಪು ಒತ್ತಡವನ್ನು ಹುಟ್ಟಿಸುವುದಿಲ್ಲ. ಹರಿವಿನ ಘರ್ಷಣೆಯಿಂದ ಆಗುವ ನಷ್ಟವನ್ನು ಕಡಿಮೆ ಮಾಡುತ್ತದೆ ಅಷ್ಟೆ. ನಿಮಿಷಕ್ಕೆ 6 ಲೀಟರ್ ಹರಿವಿಗೆ 15 ಮೀಟರ್ ಉದ್ದದ ಅರ್ಧ ಇಂಚಿನ ಸಿಪಿವಿಸಿ ಪೈಪಿನಲ್ಲಿ ಸುಮಾರು ಒಂದು ಮೀಟರ್ ಎತ್ತರದ ನೀರಿನ ಒತ್ತಡ ನಷ್ಟವಾಗುತ್ತದೆ, ಮುಕ್ಕಾಲು ಇಂಚಿನದರಲ್ಲಿ 20 ಸೆಂಟಿಮೀಟರ್ ಆದರೆ ಹೆಚ್ಚು. ಓವರ್‌ಹೆಡ್ ಟ್ಯಾಂಕಿಗಿಂತ ಎರಡೇ ಮೀಟರ್ ಕೆಳಗಿರುವ ಮೇಲ್ಮಹಡಿಯ ಶವರಿಗೆ ಆ ಒಂದು ಮೀಟರ್ ಬಹು ದೊಡ್ಡ ನಷ್ಟ. ಎಂಟು ಮೀಟರ್ ಕೆಳಗಿರುವ ನೆಲಮಹಡಿಗೆ ಅದು ಲೆಕ್ಕಕ್ಕಿಲ್ಲ. ಆದ್ದರಿಂದ ಮೇಲಿನ ಬಾತ್‌ರೂಮಿಗೆ ಮುಕ್ಕಾಲು ಇಂಚು, ಕೆಳಗಿನದಕ್ಕೆ ಪ್ರತ್ಯೇಕವಾಗಿ ಇಳಿಸಿದ ಅರ್ಧ ಇಂಚಿನ ಪೈಪು ಎಂಬುದು ನನ್ನ ಸಲಹೆ. ಇಡೀ ಮನೆಯನ್ನು ಸುತ್ತಿಬರುವ, ಒಂದು ಇಂಚಿನ ಒಂದೇ ಲೈನಿಗಿಂತ ಇದು ಎಷ್ಟೋ ಮೇಲು.

ಇನ್ನು ಎಷ್ಟು ಹೊತ್ತು ಬಿಟ್ಟರೂ ನೀರು ಪೂರ್ತಿ ಬಿಸಿಯಾಗದ ಕಾಯಿಲೆ. ಇದೇ ಎಲ್ಲಕ್ಕಿಂತ ಹೆಚ್ಚು ಜನರನ್ನು ದಾರಿ ತಪ್ಪಿಸುವುದು, ಏಕೆಂದರೆ ನೋಡುವವರಿಗೆ ಟ್ಯಾಂಕಿನ ನೀರೇ ತಣ್ಣಗಾಗಿದೆ ಎನಿಸುತ್ತದೆ. ನಿಜವಾಗಿ ಆಗುತ್ತಿರುವುದೇನೆಂದರೆ, ಮನೆಯಲ್ಲಿ ಎಲ್ಲೋ ಒಂದು ಕಡೆ ತಣ್ಣೀರಿನ ಲೈನು ಬಿಸಿನೀರಿನ ಲೈನಿಗೆ ಕೂಡಿಕೊಂಡು, ತಣ್ಣೀರು ಸದ್ದಿಲ್ಲದೆ ಬಿಸಿನೀರಿನ ಪೈಪಿನೊಳಕ್ಕೆ ನುಗ್ಗುತ್ತಿರುತ್ತದೆ. ಹ್ಯಾಂಡ್ ಶವರಿನ ಹಿಡಿಯಲ್ಲೇ ಇರುವ ಗುಂಡಿಯಿಂದ ನೀರನ್ನು ನಿಲ್ಲಿಸಿ, ಬಿಸಿನೀರು ತಣ್ಣೀರುಗಳನ್ನು ಬೆರೆಸುವ ಗೋಡೆಯ ಮಿಕ್ಸರಿನ ಎರಡೂ ತಿರುಪುಗಳನ್ನು ತೆರೆದೇ ಬಿಟ್ಟರೆ ಎರಡು ಲೈನುಗಳ ನಡುವೆ ಅಡ್ಡಿಯೇ ಉಳಿಯುವುದಿಲ್ಲ. ಒಂದೇ ಹಿಡಿಯ ಮಿಕ್ಸರಿನ ಒಳಗೆ ನೀರನ್ನು ಬೆರೆಸುವ, ನಿಲ್ಲಿಸುವ ಭಾಗವಾದ ಕಾರ್ಟ್ರಿಜ್ ಸವೆದಿದ್ದರೂ, ಬಿಸಿನೀರಿನ ಹೆಲ್ತ್ ಫಾಸೆಟ್ ಜೋಡಿಸಿದ್ದರೂ ಇದೇ ಪರಿಣಾಮ. ಒಂದು ಬಾತ್‌ರೂಮಿನ ಮಿಕ್ಸರಿನಿಂದ ನುಗ್ಗಿದ ತಣ್ಣೀರು ಇನ್ನೊಂದು ಬಾತ್‌ರೂಮಿನ ಸ್ನಾನವನ್ನು ಕೆಡಿಸುತ್ತದೆ, ದೂರು ಬರುವುದು ಆ ಎರಡನೆಯ ಬಾತ್‌ರೂಮಿನಿಂದ, ಪ್ಲಂಬರ್ ಬಿಚ್ಚಿ ನೋಡುವುದೂ ಅದನ್ನೇ.

ತಣ್ಣೀರಿಗೆ ಮಾತ್ರ ಪ್ರೆಷರ್ ಪಂಪ್ ಹಾಕಿಸಿದ ಮನೆಗಳಲ್ಲಿ ಈ ತೊಂದರೆ ತೀವ್ರವಾಗಿರುತ್ತದೆ. ಪಂಪಿನ ಒತ್ತಡ 15ರಿಂದ 20 ಮೀಟರ್ ನೀರಿನೆತ್ತರಕ್ಕೆ ಸಮನಾಗಿದ್ದರೆ, ಸೋಲಾರಿನಿಂದ ತನ್ನಷ್ಟಕ್ಕೆ ಇಳಿದುಬರುವ ಬಿಸಿನೀರಿಗೆ ಇರುವುದು ಎರಡರಿಂದ ಎಂಟು ಮೀಟರ್. ಶವರ್ ತೆರೆದೊಡನೆ ತಣ್ಣೀರು ಬಿಸಿನೀರನ್ನು ಹಿಂದಕ್ಕೊತ್ತುತ್ತದೆ. ಪಂಪ್ ಇಲ್ಲದ ಮನೆಯಲ್ಲೂ, ಎರಡೂ ನೀರು ಒಂದೇ ಓವರ್‌ಹೆಡ್ ಟ್ಯಾಂಕಿನಿಂದ ಬಂದರೂ, ಸೋಲಾರ್ ಟ್ಯಾಂಕನ್ನು ಹಾದು ಬರುವ ಬಿಸಿನೀರಿನ ದಾರಿ ಉದ್ದವಾಗಿರುವುದರಿಂದ ಹರಿವಿನ ಹೊತ್ತಿನಲ್ಲಿ ಅದರ ಒತ್ತಡವೇ ಕಡಿಮೆ.

ಪತ್ತೆಹಚ್ಚುವ ವಿಧಾನ ಸುಲಭ, ಗೋಡೆ ಒಡೆಯಬೇಕಿಲ್ಲ. ಸೋಲಾರ್ ಟ್ಯಾಂಕಿಗೆ ತಣ್ಣೀರು ಕೊಡುವ ವಾಲ್ವನ್ನು ತಾರಸಿಯ ಮೇಲೆ ಮುಚ್ಚಿ, ಕೆಳಗೆ ಒಂದು ಬಿಸಿನೀರಿನ ನಲ್ಲಿಯನ್ನು ತೆರೆದಿಡಬೇಕು. ಪೈಪಿನಲ್ಲಿದ್ದಷ್ಟು ನೀರು ಹರಿದು ಸ್ವಲ್ಪ ಹೊತ್ತಿನಲ್ಲೇ ಧಾರೆ ನಿಲ್ಲಬೇಕು. ನಿಲ್ಲದೆ ತಣ್ಣೀರು ಬರುತ್ತಲೇ ಇದ್ದರೆ ಎಲ್ಲೋ ಎರಡು ಲೈನುಗಳು ಕೂಡಿವೆ ಎಂದು ಖಚಿತ. ಆಮೇಲೆ ಒಂದೊಂದೇ ಮಿಕ್ಸರಿಗೆ ತಣ್ಣೀರು ಕೊಡುವ ವಾಲ್ವನ್ನು ಮುಚ್ಚುತ್ತಾ ಬಂದರೆ, ಯಾವುದನ್ನು ಮುಚ್ಚಿದಾಗ ಧಾರೆ ನಿಲ್ಲುತ್ತದೋ ಅದೇ ಅಪರಾಧಿ. ಆ ಮಿಕ್ಸರಿನ ಕಾರ್ಟ್ರಿಜ್ ಬದಲಿಸಬೇಕು, ಹ್ಯಾಂಡ್ ಶವರನ್ನು ಗೋಡೆಯ ತಿರುಪಿನಲ್ಲೇ ನಿಲ್ಲಿಸುವ ಅಭ್ಯಾಸ ಮಾಡಿಕೊಳ್ಳಬೇಕು, ಜೊತೆಗೆ ಮಿಕ್ಸರಿಗೆ ಬರುವ ಬಿಸಿನೀರಿನ ಲೈನಿಗೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಎನ್‌ಆರ್‌ವಿ ಜೋಡಿಸಬೇಕು. ಸ್ಪ್ರಿಂಗ್ ಇರುವ ಎನ್‌ಆರ್‌ವಿ ತೆರೆದುಕೊಳ್ಳುವುದಕ್ಕೇ ಒಂದಷ್ಟು ಒತ್ತಡ ಬೇಕಾಗುವುದರಿಂದ, ಪಂಪಿಲ್ಲದ ಮನೆಯ ಮೇಲ್ಮಹಡಿಯಲ್ಲಿ ಅದನ್ನು ಹಾಕಿದರೆ ಧಾರೆಯೇ ಸಣ್ಣದಾಗುತ್ತದೆ. ಅಲ್ಲಿಗೆ ಹಗುರವಾಗಿ ತೆರೆದುಕೊಳ್ಳುವ ರೆಕ್ಕೆಯ ಮಾದರಿಯೇ ಸೂಕ್ತ.

ಒತ್ತಡವನ್ನು ಸಮ ಮಾಡುವ ಆತುರದಲ್ಲಿ ಪ್ರೆಷರ್ ಪಂಪನ್ನು ಸೋಲಾರ್ ಟ್ಯಾಂಕಿನ ತಣ್ಣೀರಿನ ಬಾಯಿಗೆ ಜೋಡಿಸುವುದು ಅಪಾಯಕಾರಿ. ಗಾಜಿನ ಟ್ಯೂಬುಗಳಲ್ಲಿ ನೀರು ಕಾಯುವ, ಮನೆಗಳಲ್ಲಿರುವ ಟ್ಯೂಬ್ ಮಾದರಿಯ ಸಾಮಾನ್ಯ ಟ್ಯಾಂಕುಗಳು ಅಂಥ ಒತ್ತಡವನ್ನು ತಡೆಯುವಂತೆ ತಯಾರಾದವಲ್ಲ. ನೀರು ಏರ್ ವೆಂಟಿನಿಂದ, ಎಂದರೆ ಗಾಳಿಯಾಡಲು ಟ್ಯಾಂಕಿನ ಮೇಲಿಟ್ಟ ತೆರೆದ ಪೈಪಿನಿಂದ, ಉಕ್ಕುತ್ತದೆ, ಇಲ್ಲವೇ ಟ್ಯಾಂಕು, ಟ್ಯೂಬಿನ ರಬ್ಬರು ಬಿಟ್ಟುಕೊಳ್ಳುತ್ತವೆ. ಪಂಪ್ ಬೇಕೇ ಬೇಕೆಂದರೆ, ಬಿಸಿನೀರನ್ನು ತಾಳುವಂಥದ್ದನ್ನು ಆರಿಸಿ ಟ್ಯಾಂಕಿನಿಂದ ನೀರು ಹೊರಬರುವ ಕಡೆ ಹಾಕಬೇಕು. ಏರ್ ವೆಂಟಿನಿಂದ ನೀರು ತೊಟ್ಟಿಕ್ಕುತ್ತದೆಂದು ಅದರ ಬಾಯಿಗೆ ಮುಚ್ಚಳ ಹಾಕುವವರನ್ನು ನೋಡಿದ್ದೇನೆ. ನೀರು ಹೊರಹೋಗುವಾಗ ಗಾಳಿ ಒಳಬರದಿದ್ದರೆ ತಗಡಿನ ಟ್ಯಾಂಕು ಒಳಕ್ಕೆ ಜಗ್ಗಿ ಹಾಳಾಗುತ್ತದೆ. ವೆಂಟಿನ ತುದಿ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರುವಂತೆ ಪೈಪನ್ನು ಎತ್ತರಿಸುವುದೇ ಸರಿಯಾದ ದುರಸ್ತಿ.

ಧಾರೆ ಸಣ್ಣದಾಗಿ, ಗುಳುಗುಳು ಸದ್ದಿನೊಡನೆ ಬಿಟ್ಟು ಬಿಟ್ಟು ಬರುವುದು ಏರ್ ಲಾಕಿನ, ಎಂದರೆ ಪೈಪಿನೊಳಗೆ ಸಿಕ್ಕಿಕೊಂಡ ಗಾಳಿ ನೀರಿಗೆ ಅಡ್ಡವಾಗುವುದರ, ಲಕ್ಷಣ. ಸಿಪಿವಿಸಿ ಪೈಪು ಬಿಸಿಗೆ ಬಹಳ ಹಿಗ್ಗುತ್ತದೆ; ಹತ್ತು ಮೀಟರ್ ಪೈಪಿನ ಉಷ್ಣತೆ 50 ಡಿಗ್ರಿ ಏರಿದರೆ ಅದರ ಉದ್ದ ಮೂರು ಸೆಂಟಿಮೀಟರಿನಷ್ಟು ಹೆಚ್ಚುತ್ತದೆ. ಎರಡೂ ತುದಿ ಬಿಗಿದಿದ್ದರೆ ಅದು ತಾರಸಿಯ ಮೇಲೆ ಹಾವಿನಂತೆ ಬಾಗಿ, ಉಬ್ಬಿದ ಕಡೆಗಳಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಪೈಪು ಟ್ಯಾಂಕಿನಿಂದ ಒಂದೇ ಇಳಿಜಾರಿನಲ್ಲಿ ಬರುವಂತೆ ಆಧಾರ ಕೊಟ್ಟು, ಹಿಗ್ಗಲು ಜಾಗ ಬಿಟ್ಟರೆ ತೊಂದರೆ ತೀರುತ್ತದೆ. ಧಾರೆ ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಕುಗ್ಗಿದ್ದರೆ ಸುಣ್ಣದ ಪದರ ಕಟ್ಟಿದೆಯೆಂದು ತಿಳಿಯಬೇಕು.

ಬೋರ್‌ವೆಲ್ಲಿನ ಗಡಸು ನೀರು ಬಿಸಿಯಾದಂತೆ ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಚಪ್ಪಟೆ ಫಲಕವಿರುವ ಫ್ಲಾಟ್ ಪ್ಲೇಟ್ ಮಾದರಿಯ ಸೋಲಾರಿನ ಸಣ್ಣ ತಾಮ್ರದ ಕೊಳವೆಗಳು ಇದರಿಂದ ಕಟ್ಟಿಕೊಂಡು ಬಿಸಿಲಿನ ಶಾಖ ಟ್ಯಾಂಕಿಗೆ ತಲುಪದೆ ಹೋಗುತ್ತದೆ. ಹಾಗಾಗಿ ಗಡಸು ನೀರಿನ ಊರುಗಳಿಗೆ ಟ್ಯೂಬ್ ಮಾದರಿಯೇ ಒಳ್ಳೆಯದು, ಅದರ ಟ್ಯೂಬುಗಳ ತಳದಲ್ಲಿ ಕೂಡುವ ಪುಡಿಯನ್ನು ತೆಗೆಸುತ್ತಿರಬೇಕು. ವಿದ್ಯುತ್ ಗೀಸರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದರ ಕಾಯಿಲಿಗೆ ಪದರ ಕಟ್ಟಿದರೆ ಕರೆಂಟು ಹೆಚ್ಚು ಸುಡುತ್ತದೆ ಎನ್ನುತ್ತಾರೆ. ಕಾಯಿಲು ನೀರಿನಲ್ಲೇ ಮುಳುಗಿರುವುದರಿಂದ ಅದರ ಶಾಖಕ್ಕೆ ನೀರನ್ನು ಬಿಟ್ಟು ಬೇರೆ ದಾರಿಯಿಲ್ಲ. ಬಿಲ್ಲು ಹೆಚ್ಚು ಬದಲಾಗುವುದಿಲ್ಲ, ಆದರೆ ಪದರದೊಳಗೆ ಕಾಯಿಲು ಅತಿಯಾಗಿ ಕಾದು ಬೇಗ ಸುಟ್ಟುಹೋಗುತ್ತದೆ. ಗ್ಯಾಸ್ ಗೀಸರಿನಲ್ಲಾದರೆ ಹೀರಿಕೊಳ್ಳದ ಶಾಖ ಹೊಗೆಯೊಡನೆ ಹೊರಹೋಗುವುದರಿಂದ ಪದರ ನಿಜವಾಗಿಯೂ ಇಂಧನವನ್ನು ತಿನ್ನುತ್ತದೆ. ಗ್ಯಾಸ್ ಗೀಸರನ್ನು ಬಾತ್‌ರೂಮಿನೊಳಗೆ ಇಡಲೇಬಾರದು. ಮುಚ್ಚಿದ ಕೋಣೆಯಲ್ಲಿ ತುಂಬುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಪ್ರಾಣವನ್ನೇ ತೆಗೆಯುತ್ತದೆ.

ಮೋಡದ ದಿನಗಳಿಗೆಂದು ಸೋಲಾರ್ ಟ್ಯಾಂಕಿನೊಳಗೆ ಹಾಕುವ ಕಾಯಿಲನ್ನು ಬೆಳಗಿನ ಜಾವ ಹಾಕಿ ಮರೆತರೆ, ಇಬ್ಬರ ಸ್ನಾನಕ್ಕಾಗಿ 200 ಲೀಟರಿನ ಬಹುಭಾಗವನ್ನು ವಿದ್ಯುತ್ತಿನಿಂದ ಕಾಯಿಸಿದಂತಾಗುತ್ತದೆ. ಆಮೇಲೆ ಬಿಸಿಲು ಬಂದಾಗ ಆಗಲೇ ಬಿಸಿಯಾಗಿರುವ ನೀರಿಗೆ ಅದು ಸೇರಿಸುವುದು ಸ್ವಲ್ಪವೇ. ಇದಕ್ಕಿಂತ, ದೂರದ ಬಾತ್‌ರೂಮಿನಲ್ಲಿ 10 ಅಥವಾ 15 ಲೀಟರಿನ ಗೀಸರನ್ನು ಸೋಲಾರ್ ಲೈನಿನ ಕೊನೆಗೆ ಸರಣಿಯಾಗಿ ಜೋಡಿಸುವುದು ಹೆಚ್ಚು ಜಾಣತನ. ಪೈಪಿನಲ್ಲಿ ಆರಿದ್ದ ನೀರು ಗೀಸರಿಗೆ ಹೋಗಿ, ಅದರಲ್ಲಿದ್ದ ಬಿಸಿನೀರು ತಕ್ಷಣ ನಲ್ಲಿಗೆ ಬರುತ್ತದೆ. ಸೋಲಾರ್ ನೀರು ಬಿಸಿಯಾಗಿ ತಲುಪಿದೊಡನೆ ಥರ್ಮೋಸ್ಟಾಟ್ ಕಾಯಿಲನ್ನು ನಿಲ್ಲಿಸುತ್ತದೆ. ಅಷ್ಟು ಬಿಸಿಯ ನೀರು ಒಳಬರುವುದನ್ನು ಆ ಗೀಸರ್ ತಾಳುತ್ತದೆಯೇ ಎಂದು ತಯಾರಕರ ಪುಸ್ತಿಕೆಯಲ್ಲಿ ನೋಡಿಕೊಂಡೇ ಕೊಳ್ಳಬೇಕು. 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ನೀರನ್ನು 20 ಡಿಗ್ರಿ ಏರಿಸಿ ಕೊಡಬಲ್ಲದ್ದು ನಿಮಿಷಕ್ಕೆ ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಅದರಿಂದ ಶವರ್ ಸ್ನಾನವನ್ನು ನಿರೀಕ್ಷಿಸುವುದು ಸರಿಯಲ್ಲ.

ಟ್ಯಾಂಕಿನ ನೀರೇ ಬಿಸಿಯಿಲ್ಲವೆಂದು ಅಳತೆಯಿಂದ ಗೊತ್ತಾದರೆ ಮಾತ್ರ ತಾರಸಿಯ ಕಡೆ ನೋಡಬೇಕು. ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಯ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ ಸುಮಾರು 54 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಆಗ ಮೂರು ಮೀಟರ್ ಎತ್ತರದ ಗೋಡೆಯ ನೆರಳು ನಡುಮಧ್ಯಾಹ್ನವೂ ಎರಡು ಮೀಟರಿಗಿಂತ ಉದ್ದ. ಬೇಸಿಗೆಯಲ್ಲಿ ಕುದಿಯುತ್ತಿದ್ದ ಸೋಲಾರ್ ಚಳಿಗಾಲದಲ್ಲಿ ಸೋತರೆ, ದಕ್ಷಿಣದಲ್ಲಿ ಹೊಸದಾಗಿ ಎದ್ದ ಪಕ್ಕದ ಮನೆಯ ಮಹಡಿಯನ್ನು ಗಮನಿಸಬೇಕು. ತಾರಸಿಯ ಮೇಲಿನ ಬಿಸಿನೀರಿನ ಪೈಪಿಗೆ ಶಾಖವನ್ನು ತಡೆಹಿಡಿಯುವ ನೈಟ್ರೈಲ್ ಫೋಮ್ ಹೊದಿಸುವುದು ಅಗತ್ಯ. ಬಿಸಿಲಿಗೆ ಫೋಮ್ ಪುಡಿಯಾಗುವುದರಿಂದ ಅದರ ಮೇಲೊಂದು ಗಟ್ಟಿ ಹೊದಿಕೆಯೂ ಬೇಕು.

ನಿರ್ದಿಷ್ಟ ಅಳತೆ ಮೀರಿದ ಹೊಸ ಮನೆಗಳಿಗೆ ಸೋಲಾರನ್ನು ರಾಜ್ಯದಲ್ಲಿ ಕಡ್ಡಾಯ ಮಾಡಿರುವುದು ಒಳ್ಳೆಯ ಕ್ರಮ. ಆದರೆ ಎಷ್ಟೋ ಕಡೆ ವಿದ್ಯುತ್ ಸಂಪರ್ಕ ಸಿಗಲೆಂದು ಕೊನೆಯ ವಾರದಲ್ಲಿ ಟ್ಯಾಂಕನ್ನು ತಂದು, ಖಾಲಿಯಿದ್ದ ಮೂಲೆಯಲ್ಲಿ ಕೂರಿಸಿ, ಆ ಮೂಲೆಯಿಂದ ಬಾತ್‌ರೂಮುಗಳವರೆಗೆ ಪೈಪು ಎಳೆಯುತ್ತಾರೆ. ಮನೆಯ ನಕ್ಷೆ ಬರೆಯುವಾಗಲೇ ಬಾತ್‌ರೂಮುಗಳು ಒಂದರ ಮೇಲೊಂದು ಬರುವಂತೆಯೂ, ನೆರಳು ಬೀಳದಿದ್ದರೆ ಟ್ಯಾಂಕು ಅವುಗಳ ನೇರಕ್ಕೇ ನಿಲ್ಲುವಂತೆಯೂ ನೋಡಿಕೊಂಡರೆ 25 ಮೀಟರಿನ ಲೈನು 10 ಮೀಟರಿಗೆ ಇಳಿಯುತ್ತದೆ. ಪ್ರತಿ ಬಾತ್‌ರೂಮಿನ ಬಿಸಿನೀರಿಗೂ ತಣ್ಣೀರಿಗೂ ಕೈಗೆಟಕುವಲ್ಲಿ ಬೇರೆ ಬೇರೆ ವಾಲ್ವುಗಳನ್ನು ಇಡಿಸಬೇಕು. ಗೋಡೆಗೆ ಸಿಮೆಂಟು ಬಳಿಯುವ ಮೊದಲು ಪೈಪು ಹೋದ ದಾರಿಯನ್ನು ಪಕ್ಕದಲ್ಲಿ ಅಳತೆಯ ಟೇಪು ಹಿಡಿದು ಫೋಟೋ ತೆಗೆದಿಟ್ಟುಕೊಂಡರೆ, ಮುಂದೆ ಏರುಪೇರು ಕಾಣಿಸಿಕೊಂಡ ದಿನ ಪ್ಲಂಬರ್ ಎಲ್ಲಿ ಕೈಹಾಕಬೇಕೆಂದು ತಿಳಿಯಲು ಗೋಡೆ ಒಡೆಯಬೇಕಾಗುವುದಿಲ್ಲ.