ಸಮುದ್ರ ನುಂಗಿಕೊಳ್ಳುತ್ತದೆ ಅಂದುಕೊಂಡಿದ್ದ ಇಂಗಾಲ

ಮನುಷ್ಯ ಎಷ್ಟೇ ಕಲ್ಲಿದ್ದಲು ಸುಟ್ಟರೂ ಅದರಿಂದ ಬರುವ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಉಳಿಯುವುದಿಲ್ಲ, ಸಮುದ್ರ ಅದನ್ನು ನುಂಗಿಕೊಂಡುಬಿಡುತ್ತದೆ. 1950ರ ದಶಕದವರೆಗೂ ಹೆಚ್ಚಿನ ವಿಜ್ಞಾನಿಗಳು ನಂಬಿದ್ದು ಇದನ್ನೇ. ಅವರೇನೂ ದಡ್ಡರಾಗಿರಲಿಲ್ಲ. ಲೆಕ್ಕ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಸಮುದ್ರದಲ್ಲಿ ಕರಗಿರುವ ಇಂಗಾಲ ಸುಮಾರು 38 ಲಕ್ಷ ಕೋಟಿ ಟನ್. ಕಾರ್ಖಾನೆಗಳ ಕಾಲ ಶುರುವಾಗುವ ಮುಂಚೆ ಗಾಳಿಯಲ್ಲಿದ್ದದ್ದು ಸುಮಾರು 59 ಸಾವಿರ ಕೋಟಿ ಟನ್. ಅರವತ್ತು ಪಟ್ಟಿಗೂ ಜಾಸ್ತಿ ವ್ಯತ್ಯಾಸ. ಅಷ್ಟು ದೊಡ್ಡ ಕಡಲಿಗೆ ನಮ್ಮ ಚಿಮಣಿಗಳ ಹೊಗೆ ಯಾವ ಲೆಕ್ಕ?

ಆ ನಂಬಿಕೆ ಹೇಗೆ ಬಿದ್ದುಹೋಯಿತು ಅನ್ನುವುದು ಗೊತ್ತಾದರೆ ಇವತ್ತಿನ ಹವಾಮಾನದ ಚರ್ಚೆ ಅರ್ಧ ಅರ್ಥವಾದಂತೆ. ಅದಕ್ಕೆ ಮೊದಲು ಇಂಗಾಲ ಎಲ್ಲೆಲ್ಲಿ ಓಡಾಡುತ್ತದೆ ಅಂತ ಒಮ್ಮೆ ನೋಡಿಬಿಡೋಣ.

ನೆಲದ ಗಿಡಮರಗಳು ವರ್ಷಕ್ಕೆ 12 ಸಾವಿರ ಕೋಟಿ ಟನ್‌ಗೂ ಹೆಚ್ಚು ಇಂಗಾಲವನ್ನು ಗಾಳಿಯಿಂದ ಎಳೆದುಕೊಳ್ಳುತ್ತವೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ತಾವೇ ಉಸಿರಾಡಿ ವಾಪಸ್ ಬಿಡುತ್ತವೆ. ಉಳಿದದ್ದು ಎಲೆ ಉದುರಿ, ಮರ ಬಿದ್ದು, ಮಣ್ಣಿನ ಸೂಕ್ಷ್ಮಜೀವಿಗಳ ಬಾಯಿಗೆ ಸಿಕ್ಕಿ ಮತ್ತೆ ಗಾಳಿಗೆ ಬರುತ್ತದೆ. ಸಮುದ್ರದ ಮೇಲ್ಮೈ ಕೂಡ ವರ್ಷಕ್ಕೆ ಸುಮಾರು 8 ಸಾವಿರ ಕೋಟಿ ಟನ್ ಒಳಗೆಳೆದು ಹೆಚ್ಚುಕಡಿಮೆ ಅಷ್ಟನ್ನೇ ಹೊರಬಿಡುತ್ತದೆ. ಇದು ವೇಗದ ಚಕ್ರ. ಇದರ ಜೊತೆಗೇ ತುಂಬಾ ನಿಧಾನವಾದ ಇನ್ನೊಂದು ಚಕ್ರ ಇದೆ. ಮಳೆನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಬಂಡೆಗಳನ್ನು ಸವೆಸುತ್ತದೆ. ಆ ಸವಕಳಿ ನದಿ ಹಿಡಿದು ಸಮುದ್ರ ಸೇರಿ ಚಿಪ್ಪಾಗಿ, ಸುಣ್ಣದಕಲ್ಲಾಗಿ ತಳದಲ್ಲಿ ಕೂರುತ್ತದೆ. ಕೋಟ್ಯಂತರ ವರ್ಷಗಳ ನಂತರ ಜ್ವಾಲಾಮುಖಿಯ ಬಾಯಿಂದ ಹೊರಬರುತ್ತದೆ. ಕಲ್ಲಿದ್ದಲು, ಪೆಟ್ರೋಲಿಯಂ ಎಲ್ಲ ಈ ನಿಧಾನದ ಚಕ್ರದಲ್ಲಿ ಹೂತುಹೋಗಿದ್ದ ಸರಕು. ಭೂಮಿಯ ಕಲ್ಲಿದ್ದಲಿನಲ್ಲಿ ದೊಡ್ಡದೊಂದು ಪಾಲಿಗೆ 30 ಕೋಟಿ ವರ್ಷದ ಆಸುಪಾಸಿನ ವಯಸ್ಸು.

ಇಂಧನ ಸುಟ್ಟು, ಸಿಮೆಂಟ್ ಮಾಡಿ ನಾವು ಈಗ ವರ್ಷಕ್ಕೆ ಬಿಡುವುದು ಸುಮಾರು ಸಾವಿರ ಕೋಟಿ ಟನ್ ಇಂಗಾಲ. ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ಹೇಳಿದರೆ 3,700 ಕೋಟಿ ಟನ್, ಯಾಕೆಂದರೆ ಆಮ್ಲಜನಕದ ತೂಕವೂ ಸೇರುತ್ತದೆ. ಪ್ರಕೃತಿಯ ಒಟ್ಟು ಓಡಾಟದ ಮುಂದೆ ಇದು ಶೇಕಡಾ 5ರಷ್ಟು. ಇಷ್ಟಕ್ಕೇ ಯಾಕೆ ಗಲಾಟೆ ಅಂತ ಕೇಳುವವರು ಈಗಲೂ ಇದ್ದಾರೆ. ತಿಂಗಳಿಗೆ ನೂರು ಬಂದು ನೂರು ಹೋಗುವ ಬ್ಯಾಂಕ್ ಖಾತೆ ಇದೆ ಅಂದುಕೊಳ್ಳಿ. ಅದಕ್ಕೆ ಯಾರೋ ಸುಮ್ನೆ ಐದೈದು ಹಾಕುತ್ತಾ ಹೋದರೆ ಖಾತೆ ಬೆಳೆಯಲೇಬೇಕು ಅಲ್ವಾ? ಮರ ಬಿಟ್ಟ ಇಂಗಾಲ ಮರ ಹೀರಿದ್ದೇ. ಕಲ್ಲಿದ್ದಲಿನದು ಹಾಗಲ್ಲ. ನಿಧಾನದ ಚಕ್ರದಿಂದ ಕಿತ್ತು ವೇಗದ ಚಕ್ರಕ್ಕೆ ತಂದು ಸುರಿದದ್ದು ಅದು. ಜ್ವಾಲಾಮುಖಿಗಳೂ ಬಿಡುತ್ತವೆ, ನಿಜ. ಎಲ್ಲ ಸೇರಿಸಿದರೂ ನಾವು ಬಿಡುವುದರ ಶೇಕಡಾ 1ರಷ್ಟೂ ಆಗುವುದಿಲ್ಲ.

ಈ ಅನಿಲಕ್ಕೆ ಬಿಸಿ ಹಿಡಿದಿಡುವ ಗುಣ ಇದೆ ಅನ್ನುವುದು 1850ರ ದಶಕದಲ್ಲೇ ಗೊತ್ತಾಗಿತ್ತು. 1856ರಲ್ಲಿ ಅಮೆರಿಕದ ಯೂನಿಸ್ ಫುಟ್ ಗಾಜಿನ ಕೊಳವೆಗಳಲ್ಲಿ ಬೇರೆಬೇರೆ ಅನಿಲ ತುಂಬಿ ಬಿಸಿಲಿಗಿಟ್ಟರು. ಇಂಗಾಲದ ಡೈಆಕ್ಸೈಡ್ ಇದ್ದ ಕೊಳವೆ ಹೆಚ್ಚು ಕಾಯಿತು, ಆರುವುದಕ್ಕೂ ಹೆಚ್ಚು ಹೊತ್ತು ತೆಗೆದುಕೊಂಡಿತು. 1859ರಲ್ಲಿ ಜಾನ್ ಟಿಂಡಲ್ ಇನ್ನೂ ಕರಾರುವಾಕ್ಕಾಗಿ ಅಳೆದು, ಈ ಅನಿಲ ಶಾಖದ ಕಿರಣಗಳನ್ನು ತಡೆಯುತ್ತದೆ ಎಂದು ತೋರಿಸಿದರು. ಹೆಸರು ಉಳಿದದ್ದು ಟಿಂಡಲ್‌ದು. ಫುಟ್ ಹೆಸರು ಮತ್ತೆ ಕೇಳಿಬರುವುದಕ್ಕೆ ನೂರೈವತ್ತು ವರ್ಷ ಬೇಕಾಯಿತು.

ಇಂಗಾಲದ ಜಮಾ-ಖರ್ಚನ್ನು ಮೊದಲು ಕೈಗೆತ್ತಿಕೊಂಡವರಲ್ಲಿ ಸ್ವೀಡನ್ನಿನ ಭೂವಿಜ್ಞಾನಿ ಆರ್ವಿಡ್ ಹಾಗ್ಬೊಮ್ ಒಬ್ಬರು. ಅವರ ಕಾಲದಲ್ಲಿ ಜಗತ್ತು ವರ್ಷಕ್ಕೆ 50 ಕೋಟಿ ಟನ್ ಕಲ್ಲಿದ್ದಲು ಸುಡುತ್ತಿತ್ತು. ಅದರಿಂದ ಬರುವ ಅನಿಲ ಗಾಳಿಯಲ್ಲಿ ಆಗಲೇ ಇರುವುದರ ಸಾವಿರದಲ್ಲಿ ಒಂದು ಭಾಗ ಎಂದು ಅವರು ಲೆಕ್ಕ ಹಾಕಿದರು. ಅವರ ಗೆಳೆಯ ಸ್ವಾಂಟೆ ಅರೇನಿಯಸ್ 1896ರಲ್ಲಿ ಇನ್ನೊಂದು ಲೆಕ್ಕ ಮುಗಿಸಿದರು. ಗಾಳಿಯಲ್ಲಿ ಈ ಅನಿಲ ಎರಡು ಪಟ್ಟಾದರೆ ಭೂಮಿ 5ರಿಂದ 6 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ ಎಂದರು. ಇವತ್ತಿನ ಅಂದಾಜು ಸುಮಾರು 3 ಡಿಗ್ರಿ. ಪೆನ್ಸಿಲ್ ಹಿಡಿದು ಹಾಕಿದ ಲೆಕ್ಕಕ್ಕೆ ಇದೇನೂ ಕೆಟ್ಟ ಉತ್ತರವಲ್ಲ.

ಆದರೆ ಅರೇನಿಯಸ್‌ಗೆ ಇದರಿಂದ ಭಯ ಆಗಲಿಲ್ಲ. ಚಳಿ ದೇಶದವರು, ಬೆಚ್ಚಗಾದರೆ ಒಳ್ಳೆಯದೇ ಅಂದುಕೊಂಡರು. ಅವರ ತಲೆಯಲ್ಲಿ ಇದ್ದದ್ದು ಹಿಮಯುಗ ಯಾಕೆ ಬಂತು ಅನ್ನುವ ಪ್ರಶ್ನೆ. ಅಲ್ಲದೆ, ಬಿಟ್ಟ ಅನಿಲದಲ್ಲಿ ಆರರಲ್ಲಿ ಐದು ಪಾಲನ್ನು ಸಮುದ್ರ ಹೀರಿಕೊಳ್ಳುತ್ತದೆ ಎಂದು ಅವರೇ ಬರೆದಿದ್ದರು. ಉಳಿದ ಒಂದು ಪಾಲು ಲೆಕ್ಕಕ್ಕೆ ಸಿಗುವಷ್ಟು ಸೇರಲು ಶತಮಾನಗಳೇ ಬೇಕು ಎಂಬುದು ಅವರ ಎಣಿಕೆ.

ಈ ಎಣಿಕೆಯನ್ನು ಮೊದಲು ಅಲುಗಾಡಿಸಿದವರು ಹವಾಮಾನದವರೇ ಅಲ್ಲ. ಗೈ ಕ್ಯಾಲೆಂಡರ್ ಇಂಗ್ಲೆಂಡಿನ ಒಬ್ಬ ಉಗಿ ಎಂಜಿನಿಯರ್. ಬಿಡುವಿನ ಹೊತ್ತಿನಲ್ಲಿ ಹಳೇ ಉಷ್ಣಾಂಶದ ದಾಖಲೆ ಕೂಡಿಹಾಕುವುದು ಅವರ ಹವ್ಯಾಸ. 1938ರಲ್ಲಿ ಅವರು ಮಂಡಿಸಿದ ಪ್ರಬಂಧದ ಸಾರ ಇಷ್ಟು: ಅರ್ಧ ಶತಮಾನದಲ್ಲಿ ಮನುಷ್ಯರು 15 ಸಾವಿರ ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಿದ್ದಾರೆ, ಅದರಲ್ಲಿ ಮುಕ್ಕಾಲು ಪಾಲು ಗಾಳಿಯಲ್ಲೇ ಉಳಿದಿದೆ, ಭೂಮಿ ಆಗಲೇ ಬಿಸಿಯಾಗುತ್ತಿದೆ. ಕೇಳಿದ ಪಂಡಿತರು ಮರ್ಯಾದೆಯಿಂದ ಮೆಚ್ಚಿಕೊಂಡು, ನಂಬದೇ ಎದ್ದುಹೋದರು. ಮುಕ್ಕಾಲು ಪಾಲು ಅನ್ನುವುದು ಜಾಸ್ತಿಯೇ ಆಯಿತು, ಸರಿಯಾದ ಉತ್ತರ ಅರ್ಧದ ಹತ್ತಿರ. ಆದರೆ ಸಮುದ್ರ ಎಲ್ಲವನ್ನೂ ತೆಗೆದುಕೊಳ್ಳುತ್ತಿಲ್ಲ ಅನ್ನುವ ಮುಖ್ಯ ಮಾತಿನಲ್ಲಿ ಅವರು ಸರಿ ಇದ್ದರು. ತಮಾಷೆ ಅಂದರೆ ಅವರಿಗೂ ಇದು ಒಳ್ಳೆಯ ಸುದ್ದಿಯಾಗಿಯೇ ಕಂಡಿತ್ತು. ಹಿಮಯುಗ ಮುಂದಕ್ಕೆ ಹೋಗುತ್ತದಲ್ಲ!

ಎರಡನೇ ಮಹಾಯುದ್ಧದ ನಂತರ ಹೊಸ ಉಪಕರಣ ಕೈಗೆ ಬಂತು, ಇಂಗಾಲ-14. ಗಾಳಿಯಲ್ಲಿ ಸಹಜವಾಗಿ ಹುಟ್ಟುವ ಈ ವಿಕಿರಣಶೀಲ ಇಂಗಾಲ 5,700 ವರ್ಷಕ್ಕೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ. ಕೋಟಿಗಟ್ಟಲೆ ವರ್ಷ ಹೂತಿದ್ದ ಕಲ್ಲಿದ್ದಲಿನಲ್ಲಿ ಅದು ಒಂದಿಷ್ಟೂ ಉಳಿದಿರುವುದಿಲ್ಲ. 1955ರಲ್ಲಿ ಹಾನ್ಸ್ ಸೂಸ್ ಹೊಸ ಮರಗಳ ಕಟ್ಟಿಗೆಯಲ್ಲಿ ಇಂಗಾಲ-14 ಕಡಿಮೆ ಇರುವುದನ್ನು ಕಂಡರು. ಕಲ್ಲಿದ್ದಲಿನ ಹಳೇ ಇಂಗಾಲ ಗಾಳಿಯಲ್ಲಿ ಬೆರೆತಿರುವುದಕ್ಕೆ ಅದು ಸಾಕ್ಷಿ. ಆಮೇಲೆ ಅವರು ಸಮುದ್ರ ವಿಜ್ಞಾನಿ ರೋಜರ್ ರೆವೆಲ್ ಜೊತೆ ಸೇರಿ 1957ರಲ್ಲಿ ಒಂದು ಪ್ರಬಂಧ ಬರೆದರು. ಈ ಇಡೀ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಪ್ರಬಂಧ ಇದು, ಯಾಕೆಂದರೆ ಅದು ತನ್ನನ್ನು ತಾನೇ ಅಲ್ಲಗಳೆಯುತ್ತದೆ.

ಪ್ರಬಂಧದ ಮೊದಲ ಭಾಗದ ತೀರ್ಮಾನ ಹಳೆಯದೇ. ಗಾಳಿಗೆ ಬಂದ ಇಂಗಾಲದ ಡೈಆಕ್ಸೈಡ್ ಸರಾಸರಿ ಹತ್ತು ವರ್ಷದಲ್ಲಿ ಸಮುದ್ರ ಸೇರುತ್ತದೆ, ಹಾಗಾಗಿ ಹೆಚ್ಚಿನ ಪಾಲು ಕಡಲಿಗೇ ಹೋಗಿದೆ. ಅಷ್ಟು ಬರೆದ ಮೇಲೆ ರೆವೆಲ್‌ಗೆ ಕಡಲ ನೀರಿನ ರಸಾಯನದ ಒಂದು ಗುಣ ನೆನಪಾಗಿರಬೇಕು. ಕರಡು ಪ್ರತಿಗೆ ಆಮೇಲೆ ಒಂದು ಪ್ಯಾರಾ ಅಂಟಿಸಿದರು. ವಿಷಯ ಇಷ್ಟೇ. ನೀರಿಗೆ ಇಳಿದ ಇಂಗಾಲದ ಡೈಆಕ್ಸೈಡ್ ಅಲ್ಲಿರುವ ಕಾರ್ಬೊನೇಟ್ ಜೊತೆ ಸೇರಿ ಬೈಕಾರ್ಬೊನೇಟ್ ಆಗುತ್ತದೆ. ಆದರೆ ಮೇಲ್ಪದರದಲ್ಲಿ ಕಾರ್ಬೊನೇಟ್ ಇರುವುದು ಸ್ವಲ್ಪವೇ. ಖರ್ಚಾಗುತ್ತಾ ಹೋದಂತೆ ನೀರಿಗೆ ಹೊಸ ಅನಿಲ ಹಿಡಿದಿಡುವ ಶಕ್ತಿ ಕುಂದುತ್ತದೆ, ಬಂದ ಅನಿಲ ವಾಪಸ್ ಗಾಳಿಗೆ ಹೋಗುತ್ತದೆ. ಗಾಳಿಯಲ್ಲಿ ಶೇಕಡಾ 10 ಹೆಚ್ಚಿದರೆ ಮೇಲ್ಪದರದ ನೀರಿನಲ್ಲಿ ಕರಗಿದ ಇಂಗಾಲ ಹೆಚ್ಚುವುದು ಬರೀ ಶೇಕಡಾ 1ರಷ್ಟು. ಕೆಳಗೆ ಆಳದಲ್ಲಿ ಬೇಕಾದಷ್ಟು ಜಾಗ ಇದೆ, ಸರಿ. ಆದರೆ ಮೇಲಿನ ನೀರು ಆಳಕ್ಕಿಳಿದು ಬೆರೆಯಲು ನೂರಾರು ವರ್ಷ, ಕೆಲವು ಕಡೆ ಸಾವಿರ ವರ್ಷ ಬೇಕು.

ಅದೇ ಪ್ರಬಂಧದಲ್ಲಿ ರೆವೆಲ್, ಮನುಷ್ಯರು ಹಿಂದೆಂದೂ ಆಗಿರದ, ಮುಂದೆಂದೂ ಮತ್ತೆ ಮಾಡಲಾಗದ ಒಂದು ದೊಡ್ಡ ಪ್ರಯೋಗ ನಡೆಸುತ್ತಿದ್ದಾರೆ ಎಂಬ ಅರ್ಥದ ಮಾತು ಬರೆದರು. ಈಗ ಅದನ್ನು ಎಚ್ಚರಿಕೆಯ ಗಂಟೆ ಎಂಬಂತೆ ಎತ್ತಿ ಹೇಳುತ್ತಾರೆ. ಓದಿದರೆ ಅದರಲ್ಲಿ ಭಯಕ್ಕಿಂತ ವಿಜ್ಞಾನಿಯ ಕುತೂಹಲವೇ ಜಾಸ್ತಿ ಕಾಣುತ್ತದೆ. ರೆವೆಲ್ ಅಂಟಿಸಿದ ಪ್ಯಾರಾದ ಪೂರ್ತಿ ಪರಿಣಾಮವನ್ನು ಬಿಡಿಸಿ ಹೇಳಿದವರು ಬರ್ಟ್ ಬೊಲಿನ್ ಮತ್ತು ಎರಿಕ್ ಎರಿಕ್ಸನ್, 1959ರಲ್ಲಿ. 2000ನೇ ಇಸವಿಯ ಹೊತ್ತಿಗೆ ಗಾಳಿಯಲ್ಲಿ ಈ ಅನಿಲ ಶೇಕಡಾ 25ರಷ್ಟಾದರೂ ಹೆಚ್ಚಿರುತ್ತದೆ ಎಂದರು. ಕಾರ್ಖಾನೆಗಳ ಕಾಲದ ಮುಂಚಿನದಕ್ಕೆ ಹೋಲಿಸಿದರೆ ನಿಜಕ್ಕೂ ಆದದ್ದು ಶೇಕಡಾ 30ಕ್ಕೂ ಸ್ವಲ್ಪ ಹೆಚ್ಚು. ಇದೇ ಬೊಲಿನ್ 1988ರಲ್ಲಿ ಐಪಿಸಿಸಿಯ, ಅಂದರೆ ಹವಾಮಾನ ಬದಲಾವಣೆ ಬಗ್ಗೆ ವಿಶ್ವಸಂಸ್ಥೆಯ ಆಶ್ರಯದಲ್ಲಿ ವರದಿ ಕೊಡುವ ಸಮಿತಿಯ, ಮೊದಲ ಅಧ್ಯಕ್ಷರಾದರು.

ಇಷ್ಟಾದರೂ ಗಾಳಿಯನ್ನು ಸರಿಯಾಗಿ ಅಳೆದವರೇ ಇರಲಿಲ್ಲ. ಹಳೇ ಅಳತೆಗಳು ಒಂದಕ್ಕೊಂದು ತಾಳೆಯೇ ಆಗುತ್ತಿರಲಿಲ್ಲ. ಚಾರ್ಲ್ಸ್ ಡೇವಿಡ್ ಕೀಲಿಂಗ್ ಆ ಕೊರತೆ ನೀಗಿದರು. 1958ರ ಮಾರ್ಚ್‌ನಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ, 3,400 ಮೀಟರ್ ಎತ್ತರದಲ್ಲಿ ಅವರ ಯಂತ್ರ ಕೆಲಸ ಶುರುಮಾಡಿತು. ಮೊದಲ ಅಳತೆ 313 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಕಣದಲ್ಲಿ 313 ಇಂಗಾಲದ ಡೈಆಕ್ಸೈಡಿನದು. ಮೇ ತನಕ ಏರಿತು, ಆಮೇಲೆ ಇಳಿಯಿತು, ಚಳಿಗಾಲದಲ್ಲಿ ಮತ್ತೆ ಏರಿತು. ಉತ್ತರ ಗೋಳಾರ್ಧದ ಕಾಡುಗಳೆಲ್ಲ ಒಟ್ಟಾಗಿ ಬೇಸಿಗೆಯಲ್ಲಿ ಉಸಿರೆಳೆದು ಚಳಿಗಾಲದಲ್ಲಿ ಬಿಡುವುದು ಕಾಗದದ ಮೇಲೆ ಕಂಡದ್ದು ಅದೇ ಮೊದಲು. ಎರಡನೇ ವರ್ಷದ ಗೆರೆ ಮೊದಲನೆಯದಕ್ಕಿಂತ ಮೇಲಿತ್ತು. ನಂತರದ ಯಾವ ವರ್ಷವೂ ಸರಾಸರಿ ಕೆಳಗಿಳಿದಿಲ್ಲ. 2024ರ ಸರಾಸರಿ 424 ದಾಟಿದೆ.

ಅಳೆಯುವುದು ಅಷ್ಟು ಸುಲಭದ ಕೆಲಸವೂ ಆಗಿರಲಿಲ್ಲ. 1964ರಲ್ಲಿ ಹಣ ಸಿಗದೆ ಕೆಲವು ತಿಂಗಳು ಮೌನಾ ಲೋವಾದ ಅಳತೆಯೇ ನಿಂತಿತ್ತು. ದಿನವೂ ಒಂದೇ ವಸ್ತುವನ್ನು ಅಳೆಯುವ ಕೆಲಸಕ್ಕೆ ಹಣ ಕೊಡಿಸುವುದು ಕಷ್ಟ. ಹೊಸತೇನೂ ಕಾಣುವುದಿಲ್ಲವಲ್ಲ.

ಕೀಲಿಂಗ್ ರೇಖೆಗೆ ಹಿಂದಿನ ಚರಿತ್ರೆ ಜೋಡಿಸಿಕೊಟ್ಟದ್ದು ಅಂಟಾರ್ಕ್‌ಟಿಕಾದ ಮಂಜು. ಹಿಮ ಗಟ್ಟಿಯಾಗುವಾಗ ಅದರೊಳಗೆ ಆ ಕಾಲದ ಗಾಳಿಯ ಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. 2008ರ ಹೊತ್ತಿಗೆ ಡೋಮ್ ಸಿ ಎಂಬಲ್ಲಿ ಕೊರೆದು ತೆಗೆದ ಮಂಜಿನಿಂದ 8 ಲಕ್ಷ ವರ್ಷಗಳ ದಾಖಲೆ ಸಿಕ್ಕಿತು. ಹಿಮಯುಗಗಳಲ್ಲಿ 180ರ ಹತ್ತಿರ, ಬೆಚ್ಚಗಿನ ಕಾಲದಲ್ಲಿ 280ರ ಆಸುಪಾಸು. ಅಷ್ಟೂ ಕಾಲದಲ್ಲಿ ಒಮ್ಮೆಯೂ 300 ದಾಟಿಲ್ಲ.

ಇಷ್ಟರಲ್ಲಿ ಇನ್ನೊಂದು ತಲೆನೋವು ಶುರುವಾಗಿತ್ತು. ಬಿಟ್ಟದ್ದರಲ್ಲಿ ಅರ್ಧ ಗಾಳಿಯಲ್ಲಿದೆ, ಸರಿ. ಉಳಿದರ್ಧ ಎಲ್ಲಿ? 1970ರ ದಶಕದಲ್ಲಿ ಸಮುದ್ರದವರು ನಮ್ಮಲ್ಲಿ ಅಷ್ಟು ಜಾಗವಿಲ್ಲ ಎಂದರು. ಕಾಡಿನವರು, ಕಾಡು ಕಡಿದು ಸುಡುವುದರಿಂದ ನೆಲವೇ ಇಂಗಾಲ ಬಿಡುತ್ತಿದೆ, ನಮ್ಮನ್ನು ಕೇಳಬೇಡಿ ಎಂದರು. ಬಿಡಿಸಿದ್ದು ಆಮ್ಲಜನಕ. ಕೀಲಿಂಗ್ ಅವರ ಮಗ ರಾಲ್ಫ್ ಕೀಲಿಂಗ್ 1980ರ ದಶಕದ ಕೊನೆಯಿಂದ ಗಾಳಿಯ ಆಮ್ಲಜನಕವನ್ನು ತೀರಾ ಸೂಕ್ಷ್ಮವಾಗಿ ಅಳೆಯತೊಡಗಿದರು. ಇಂಧನ ಸುಟ್ಟರೆ ಆಮ್ಲಜನಕ ಖರ್ಚಾಗುತ್ತದೆ. ಮರ ಇಂಗಾಲ ಹೀರಿದರೆ ಆಮ್ಲಜನಕ ವಾಪಸ್ ಕೊಡುತ್ತದೆ. ಸಮುದ್ರದ ನೀರು ಅನಿಲವನ್ನು ಕರಗಿಸಿಕೊಂಡರೆ ಏನೂ ಕೊಡುವುದಿಲ್ಲ. ಈ ವ್ಯತ್ಯಾಸ ಹಿಡಿದರೆ ಯಾರು ಎಷ್ಟು ಹೀರಿದರು ಅಂತ ಬೇರೆ ಮಾಡಬಹುದು. (ಆಮ್ಲಜನಕ ಮುಗಿದುಹೋಗುತ್ತದೆ ಅಂತ ಯಾರೂ ಗಾಬರಿಯಾಗಬೇಕಿಲ್ಲ. ಗಾಳಿಯಲ್ಲಿ ಅದು ಶೇಕಡಾ 21 ಇದೆ, ಇಳಿಕೆ ತೀರಾ ಚಿಕ್ಕದು.)

ಈಗ ಒಪ್ಪಿರುವ ಲೆಕ್ಕ ಹೀಗಿದೆ. ನಾವು ಬಿಡುವುದರಲ್ಲಿ ಸುಮಾರು ಕಾಲು ಭಾಗ ಸಮುದ್ರಕ್ಕೆ, ಅದಕ್ಕಿಂತ ತುಸು ಹೆಚ್ಚು ನೆಲದ ಮರಗಿಡ ಮತ್ತು ಮಣ್ಣಿಗೆ, ಉಳಿದದ್ದು ಗಾಳಿಗೆ. ಎಷ್ಟೋ ಕಡೆ ಕಡಿದ ಕಾಡು ಮತ್ತೆ ಬೆಳೆಯುತ್ತಿದೆ, ಇಂಗಾಲದ ಡೈಆಕ್ಸೈಡ್ ಹೆಚ್ಚಾದ್ದರಿಂದ ಗಿಡಗಳೂ ಸ್ವಲ್ಪ ಜಾಸ್ತಿ ಬೆಳೆಯುತ್ತಿವೆ. ಸಮುದ್ರ ಇದನ್ನು ಪುಕ್ಕಟೆ ಮಾಡುತ್ತಿಲ್ಲ. ಮೇಲ್ಪದರದ ಪಿಎಚ್ (ಇದು ಇಳಿದಷ್ಟೂ ಆಮ್ಲೀಯತೆ ಹೆಚ್ಚು) 8.2ರಿಂದ 8.1ಕ್ಕೆ ಇಳಿದಿದೆ. ಕೇಳುವುದಕ್ಕೆ ಏನೂ ಅಲ್ಲ ಅನ್ನಿಸಿದರೂ ಆಮ್ಲೀಯತೆಯ ಲೆಕ್ಕದಲ್ಲಿ ಇದು ಶೇಕಡಾ 30ರಷ್ಟು ಏರಿಕೆ. ಚಿಪ್ಪು ಕಟ್ಟುವ ಜೀವಿಗಳಿಗೂ ಹವಳಕ್ಕೂ ಬೇಕಾದ ಕಾರ್ಬೊನೇಟ್ ಖರ್ಚಾಗುತ್ತಿದೆ.

ಹಾಗಾದರೆ ಅರೇನಿಯಸ್ ಹೇಳಿದ ಆರರಲ್ಲಿ ಐದು ಪಾಲು? ಸಾವಿರಾರು ವರ್ಷದ ಲೆಕ್ಕದಲ್ಲಿ ಅದು ಅಷ್ಟೇನೂ ತಪ್ಪಲ್ಲ. ಆಳದ ನೀರು ಪೂರ್ತಿ ಬೆರೆತ ಮೇಲೆ ಬಹುಪಾಲು ಇಂಗಾಲ ಕಡಲಿಗೇ ಸೇರುತ್ತದೆ. ಆದರೂ ಸಾವಿರ ವರ್ಷದ ನಂತರ ಶೇಕಡಾ 15ರಿಂದ 40ರಷ್ಟು ಗಾಳಿಯಲ್ಲೇ ಉಳಿದಿರುತ್ತದೆ ಎಂಬುದು ಐಪಿಸಿಸಿಯ ಅಂದಾಜು. ಕೊನೆಯ ಚೂರನ್ನು ತೆಗೆಯುವುದು ಬಂಡೆಗಳ ಸವಕಳಿ, ಅದಕ್ಕೆ ಲಕ್ಷಗಟ್ಟಲೆ ವರ್ಷ ಬೇಕು. 5.6 ಕೋಟಿ ವರ್ಷದ ಹಿಂದೆ ಹೀಗೇ ಭಾರೀ ಪ್ರಮಾಣದ ಇಂಗಾಲ ಹೊರಬಿದ್ದು ಭೂಮಿ 5-6 ಡಿಗ್ರಿ ಕಾದಿತ್ತು. ಅದು ತಣ್ಣಗಾಗುವುದಕ್ಕೆ ಒಂದು ಲಕ್ಷ ವರ್ಷಕ್ಕೂ ಹೆಚ್ಚು ಹಿಡಿಯಿತು.

ಸರ್ಕಾರಗಳ ಕಡೆಯ ಚರಿತ್ರೆ ಬೇಗ ಹೇಳಿ ಮುಗಿಸಬಹುದು. ಹವಾಮಾನ ಕಾಪಾಡುವ ಒಪ್ಪಂದಗಳಾದವು, 1992ರಲ್ಲಿ ರಿಯೋ, 1997ರಲ್ಲಿ ಕ್ಯೋಟೋ, 2015ರಲ್ಲಿ ಪ್ಯಾರಿಸ್. 1990ರಲ್ಲಿ ಇಂಧನದಿಂದ ಹೊರಬೀಳುತ್ತಿದ್ದ ಇಂಗಾಲದ ಡೈಆಕ್ಸೈಡ್ ಸುಮಾರು 2,300 ಕೋಟಿ ಟನ್, ಈಗ 3,700 ಕೋಟಿ. 2020ರಲ್ಲಿ ಕೋವಿಡ್‌ನಿಂದ ಜಗತ್ತೇ ಬಾಗಿಲು ಹಾಕಿಕೊಂಡಾಗ ಹೊಗೆ ಶೇಕಡಾ 5ರಷ್ಟು ಇಳಿಯಿತು. ಗಾಳಿಯ ಪಿಪಿಎಂ ಮಾತ್ರ ಆ ವರ್ಷವೂ ಏರಿತು. ಹಾಕುವುದು ಸ್ವಲ್ಪ ಕಡಿಮೆಯಾಯಿತೇ ಹೊರತು ನಿಂತಿರಲಿಲ್ಲ.

ಈಗ ತಜ್ಞರು ಕಣ್ಣಿಟ್ಟಿರುವುದು ಸಮುದ್ರಕ್ಕಿಂತ ಹೆಚ್ಚಾಗಿ ನೆಲದ ಮೇಲೆ. ಅಮೆಜಾನ್ ಕಾಡಿನ ಆಗ್ನೇಯ ಭಾಗ ಹೀರುವುದಕ್ಕಿಂತ ಹೆಚ್ಚು ಇಂಗಾಲ ಬಿಡುತ್ತಿದೆ ಎಂದು 2021ರಲ್ಲಿ ವಿಮಾನದ ಅಳತೆಗಳಿಂದ ಗೊತ್ತಾಯಿತು. ಉತ್ತರದ ಹೆಪ್ಪುಗಟ್ಟಿದ ನೆಲದಲ್ಲಿ ಗಾಳಿಯಲ್ಲಿರುವುದಕ್ಕಿಂತ ಜಾಸ್ತಿ ಇಂಗಾಲ ಹೂತಿದೆ, ಆ ನೆಲ ಕರಗುತ್ತಿದೆ. 1960ರ ದಶಕದಲ್ಲಿ ಗಾಳಿಗೆ ವರ್ಷಕ್ಕೆ ಸುಮಾರು 0.8 ಪಿಪಿಎಂ ಸೇರುತ್ತಿತ್ತು. 2023ರಿಂದ 2024ಕ್ಕೆ 3.5 ಪಿಪಿಎಂ ಏರಿತು, ಅಳತೆ ಶುರುವಾದ ಮೇಲೆ ಇದೇ ದೊಡ್ಡ ಜಿಗಿತ ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿತು. ಆ ವರ್ಷ ಹೊಗೆ ಅಷ್ಟು ಪ್ರಮಾಣದಲ್ಲಿ ಹೆಚ್ಚಿರಲಿಲ್ಲ. ಎಲ್ ನಿನೊ (ಪೆಸಿಫಿಕ್ ಸಾಗರದ ಮೇಲ್ಮೈ ಆಗಾಗ ಬಿಸಿಯಾಗುವುದು) ತಂದ ಬರ ಮತ್ತು ಕಾಡ್ಗಿಚ್ಚಿನಿಂದ ನೆಲ ಹೀರಿದ್ದೇ ಕಡಿಮೆ. ಎಲ್ ನಿನೊ ವರ್ಷಗಳಲ್ಲಿ ಹೀಗಾಗುವುದು ಹೊಸದಲ್ಲ, ಸಾಮಾನ್ಯವಾಗಿ ಮುಂದಿನ ವರ್ಷ ಚೇತರಿಸಿಕೊಳ್ಳುತ್ತದೆ. ಚೇತರಿಕೆ ಪೂರ್ತಿ ಆಗದಿದ್ದರೆ ಏನು ಅನ್ನುವುದಕ್ಕೆ ಲೆಕ್ಕ ಸರಳ. ಗಾಳಿಯಲ್ಲಿ 1 ಪಿಪಿಎಂ ಅಂದರೆ ಸುಮಾರು 780 ಕೋಟಿ ಟನ್ ಇಂಗಾಲದ ಡೈಆಕ್ಸೈಡ್. ಕಾಡು ಕಡಿದದ್ದೂ ಸೇರಿ ನಾವು ವರ್ಷಕ್ಕೆ ಬಿಡುವುದು 4,100 ಕೋಟಿ ಟನ್‌ನಷ್ಟು. ನೆಲ, ನೀರು ಎರಡೂ ಹೀರುತ್ತಿರುವುದರಿಂದ ವರ್ಷದ ಏರಿಕೆ ಸರಾಸರಿ ಎರಡೂವರೆ ಪಿಪಿಎಂ ಆಸುಪಾಸಿನಲ್ಲಿ ನಿಂತಿದೆ. ಅವು ಹೀರದಿದ್ದರೆ ಅದು ಐದು ದಾಟುತ್ತದೆ.