ಮೂರಕ್ಷರದ ಊರು: ಹವಾಯಿಯ ಹಳೇ ಪತ್ರಿಕೆಗಳನ್ನು ಹುಡುಕುವಾಗ

1868ರ ಏಪ್ರಿಲ್ 2ರಂದು ಹವಾಯಿ ದ್ವೀಪದ ದಕ್ಷಿಣದ ಕಊ ಸೀಮೆಯಲ್ಲಿ ದೊಡ್ಡ ಭೂಕಂಪವಾಯಿತು. ಹಿಂದೆಯೇ ಸಮುದ್ರ ಉಕ್ಕಿ ಬಂತು. ಅದರ ಬಗ್ಗೆ ಅಲ್ಲಿನ ಜನ ತಮ್ಮದೇ ಭಾಷೆಯಲ್ಲಿ ಏನು ಬರೆದರು ಅಂತ ನೋಡಬೇಕಿತ್ತು. ಸೀಮೆಯ ಹೆಸರಿನ ಮೂರಕ್ಷರ, ಕೆ, ಎ, ಯು ಎಂದು ಹಳೇ ಪತ್ರಿಕೆಗಳ ಸರ್ಚ್‌ನಲ್ಲಿ ಹಾಕಿದೆ. ರಾಶಿ ರಾಶಿ ಪುಟ ಬಂದವು. ಮುಕ್ಕಾಲು ಪಾಲಿಗೂ ಆ ಸೀಮೆಗೂ ಸಂಬಂಧವೇ ಇರಲಿಲ್ಲ.

ಹವಾಯಿ ಭಾಷೆಯಲ್ಲಿ ಈಗ ದೀರ್ಘಕ್ಕೆ ಅಕ್ಷರದ ಮೇಲೊಂದು ಗೆರೆ ಇದೆ. ಗಂಟಲಲ್ಲಿ ಉಸಿರು ತಡೆದು ಬಿಡುವ ಧ್ವನಿಗೂ ಒಂದು ಗುರುತಿದೆ. ಹಳೇ ಪತ್ರಿಕೆಗಳ ಅಚ್ಚಿನಲ್ಲಿ ಇವೆರಡೂ ಸಾಮಾನ್ಯವಾಗಿ ಇರಲಿಲ್ಲ. ಹಾಗಾಗಿ ಅದೇ ಮೂರಕ್ಷರಕ್ಕೆ 'ನನ್ನ', 'ನಿನ್ನ', 'ಬೇಸಿಗೆ', ಕಊ ಸೀಮೆ ಯಾವ ಅರ್ಥವೂ ಆಗಬಹುದು. ನಾವು ದೀರ್ಘ, ಒತ್ತು ಎರಡನ್ನೂ ಬಿಟ್ಟು 'ಕಲು' ಎಂದು ಬರೆದರೆ ಅದು ಕಾಲೋ ಕಲ್ಲೋ? ವಾಕ್ಯ ಓದಿದರೆ ತಾನೇ ಗೊತ್ತಾಗುವುದು.

1834ರಲ್ಲಿ ಮಾವಿ ದ್ವೀಪದಲ್ಲಿ ಶುರುವಾದ 'ಕ ಲಾಮ ಹವಾಯಿ'ಯಿಂದ ಹಿಡಿದು 1948ರವರೆಗೆ ಹವಾಯಿ ಭಾಷೆಯಲ್ಲಿ ಸುಮಾರು 100 ಪತ್ರಿಕೆಗಳು, ಲಕ್ಷಕ್ಕೂ ಮೀರಿದ ಪುಟಗಳು. ಇಂಗ್ಲಿಷಿಗೆ ಬಂದಿರುವುದು ತೀರಾ ಸ್ವಲ್ಪ. ಬಂದದ್ದೂ ಇದ್ದ ಹಾಗೇ ಬಂದಿಲ್ಲ. ಹವಾಯಿಯ ಇತಿಹಾಸಕಾರ ಸಾಮ್ಯುಯೆಲ್ ಕಮಕಾವು ಪತ್ರಿಕೆಯಲ್ಲಿ ವಾರವಾರ ಬರೆದ ಇತಿಹಾಸವನ್ನು ಇಂಗ್ಲಿಷ್ ಪುಸ್ತಕ ಮಾಡುವಾಗ ಕ್ರಮ ಬದಲಿಸಿದರು, ಕೆಲವು ಭಾಗ ಕೈಬಿಟ್ಟರು. ಅದಕ್ಕೇ ನಾನು ಅನುವಾದವನ್ನು ದಾರಿ ತೋರಿಸುವುದಕ್ಕೆ ಮಾತ್ರ ಇಟ್ಟುಕೊಳ್ಳುತ್ತೇನೆ.

ಹೊಸಬರು ಸುಮ್ನೆ ದಾಟಿಬಿಡುವ ಒಂದು ಜಾಗವಿದೆ: ಕನಿಕಾವು, ಅಂದರೆ ಸತ್ತವರ ಮೇಲೆ ಮನೆಯವರು ಬರೆದ ಶೋಕಗೀತೆ. ಗಂಡನ ಜೊತೆ ನಡೆದ ಊರುಗಳು, ಸಿಕ್ಕ ಗಾಳಿ, ನೆನೆದ ಮಳೆ, ಎಲ್ಲವನ್ನೂ ಹೆಂಡತಿ ಹೆಸರು ಹಿಡಿದು ಕರೆಯುತ್ತಾಳೆ. ಅಲ್ಲಿ ಮಳೆಗೂ ಊರಿಗೊಂದು ಹೆಸರು. ಹಿಲೋದ ಮಳೆ ಕನಿಲೆಹುವಾ. ಒಂದು ಸಂಸಾರ ಎಲ್ಲೆಲ್ಲಿ ಬಾಳಿತು ಎಂಬ ನಕ್ಷೆಯೇ ಅದರಲ್ಲಿದೆ. ಇಂಥದ್ದು ಸರ್ಕಾರಿ ದಾಖಲೆಯಲ್ಲಿ ಸಿಗುತ್ತದಾ?

ಭೂಕಂಪದ ವಿಷಯಕ್ಕೆ ಬರೋಣ. ನನಗೆ ನೆರವಾದದ್ದು ಪತ್ರಿಕೆಗೆ ಪತ್ರ ಬರೆಯುವವರ ಒಂದು ರೂಢಿ. ಪತ್ರಕ್ಕೆ ಹೆಸರಿನ ಜೊತೆ ಊರು, ತಾರೀಕು ಹಾಕುತ್ತಿದ್ದರು. ಸೀಮೆಯ ಹೆಸರು ಬಿಟ್ಟು ಅದರೊಳಗಿನ ಹಳ್ಳಿಗಳನ್ನು ಹುಡುಕಿದೆ: ವೈಓಹಿನು, ಪುನಲುಉ. ಈ ಹೆಸರುಗಳು ಬೇರೆ ಪದದ ಜೊತೆ ಅಷ್ಟು ಸುಲಭವಾಗಿ ಕಲಸಿಹೋಗುವುದಿಲ್ಲ. ಆಮೇಲೆ 1868ರ ಏಪ್ರಿಲ್, ಮೇ ತಿಂಗಳ 'ಕುಒಕೊಅ' ವಾರಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ, ಜಾಹೀರಾತೂ ಬಿಡದೆ ಓದುತ್ತಾ ಹೋದೆ.