ಪ್ಲಾಟಿನಂಗೆ ಕೋಬಾಲ್ಟ್ ಬೆರೆಸುವ ಹದ

ಹೈಡ್ರೋಜನ್ ಇಂಧನ ಕೋಶದಲ್ಲಿ ಹೈಡ್ರೋಜನ್ ಅಣು ಒಡೆಯುವುದು ಸಲೀಸು, ಸತಾಯಿಸುವುದು ಆಕ್ಸಿಜನ್. ಹಾಗಾಗಿಯೇ ಆಕ್ಸಿಜನ್ ಕ್ರಿಯೆ ನಡೆಯುವ ವಿದ್ಯುದ್ವಾರವಾದ ಕ್ಯಾಥೋಡಿಗೆ, ಕ್ರಿಯೆಯ ವೇಗ ಹೆಚ್ಚಿಸುವ ಪ್ಲಾಟಿನಂ ಹೆಚ್ಚು ಬೇಕು. ಬರೀ ಪ್ಲಾಟಿನಂ ಆಕ್ಸಿಜನ್ನನ್ನು ತುಸು ಬಿಗಿಯಾಗಿಯೇ ಹಿಡಿದುಕೊಳ್ಳುತ್ತದೆ. ಗಾತ್ರದಲ್ಲಿ ಚಿಕ್ಕದಾದ ಕೋಬಾಲ್ಟ್ ಪರಮಾಣು ಜೊತೆ ಸೇರಿದರೆ ಸ್ಫಟಿಕ ಜಾಲ ಕುಗ್ಗಿ, ಆ ಹಿಡಿತ ಸಡಿಲವಾಗಿ ಕ್ರಿಯೆ ಚುರುಕಾಗುತ್ತದೆ. 2014ರಲ್ಲಿ ಬಂದ ಟೊಯೋಟಾ ಮಿರಾಯ್ ಕಾರಿನ ಕ್ಯಾಥೋಡಿನಲ್ಲಿದ್ದದ್ದು ಇಂಥದೇ ಮಿಶ್ರಲೋಹ.

ಪ್ರಯೋಗಾಲಯದಲ್ಲಿ ಮಾಡುವ ಸರಳ ವಿಧಾನ ಹೀಗಿದೆ. 140 ಮಿ.ಗ್ರಾಂ ವಲ್ಕನ್ ಎಂಬ ನುಣ್ಣನೆಯ ಇಂಗಾಲದ ಪುಡಿಯನ್ನು ನೀರಿಗೆ ಹಾಕಿ, ಅರ್ಧ ಗಂಟೆ ಅಲ್ಟ್ರಾಸೌಂಡ್ ತೊಟ್ಟಿಯಲ್ಲಿಟ್ಟು ಚದುರಿಸಿ. ಅದಕ್ಕೆ 159 ಮಿ.ಗ್ರಾಂ ಕ್ಲೋರೋಪ್ಲಾಟಿನಿಕ್ ಆಮ್ಲ ಮತ್ತು 30 ಮಿ.ಗ್ರಾಂ ಕೋಬಾಲ್ಟ್ ನೈಟ್ರೇಟ್ ಸೇರಿಸಿ (ಎರಡೂ ಆರು ನೀರಿನಣುಗಳಿರುವ ಹರಳುಗಳು). ಮೂರು ಪ್ಲಾಟಿನಂಗೆ ಒಂದು ಕೋಬಾಲ್ಟ್ ಎಂಬ ಲೆಕ್ಕ ಇದು. ಕದಡುತ್ತಲೇ 70 ಡಿಗ್ರಿಯಲ್ಲಿ ನೀರು ಆರಿಸಿ. ಕದಡುವುದನ್ನು ನಿಲ್ಲಿಸಿದರೆ ಲವಣ ಅಂಚಿಗೆ ಕಟ್ಟಿಕೊಂಡು ಮಿಶ್ರಣ ಅಸಮವಾಗುತ್ತದೆ. ಒಣಗಿದ್ದನ್ನು ಅರೆದು, ಕೊಳವೆ ಕುಲುಮೆಯಲ್ಲಿ 5% ಹೈಡ್ರೋಜನ್ ಬೆರೆತ ಆರ್ಗಾನ್ ಹರಿಸುತ್ತಾ 200 ಡಿಗ್ರಿಯಲ್ಲಿ ಎರಡು ಗಂಟೆ, ನಂತರ 700 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಬೇಕು.

ಹದ ತಪ್ಪುವುದು ಈ ಎರಡನೇ ಕಾವಿನಲ್ಲೇ. ಕಡಿಮೆಯಾದರೆ ಕೋಬಾಲ್ಟ್ ಪ್ಲಾಟಿನಂನೊಳಗೆ ಇಳಿಯದೆ ಬೇರೆಯಾಗಿ ಉಳಿಯುತ್ತದೆ. ಹೆಚ್ಚಾದರೆ ಕಣಗಳು ಒಂದಕ್ಕೊಂದು ಬೆಸೆದು ದಪ್ಪವಾಗಿ, ಕೆಲಸ ಮಾಡುವ ಮೇಲ್ಮೈಯೇ ಕುಗ್ಗುತ್ತದೆ. ಬೆರೆತಿದೆಯೇ ಎಂದು ತಿಳಿಯಲು ಎಕ್ಸ್‌ರೇ ವಿವರ್ತನೆ (ಹರಳು ಎಕ್ಸ್‌ರೇಯನ್ನು ಚದುರಿಸುವ ಕೋನಗಳ ನಕ್ಷೆ) ನೋಡಿ: ತಾಮ್ರದ ಎಕ್ಸ್‌ರೇಯಲ್ಲಿ ಶುದ್ಧ ಪ್ಲಾಟಿನಂನ ಮುಖ್ಯ ಶಿಖರ 39.8 ಡಿಗ್ರಿಯಲ್ಲಿರುತ್ತದೆ, ಮಿಶ್ರಲೋಹದ್ದು ಬಲಕ್ಕೆ ಸರಿಯುತ್ತದೆ.

ಕುಲುಮೆ ಪೂರ್ತಿ ತಣಿಯುವವರೆಗೆ ಆರ್ಗಾನ್ ನಿಲ್ಲಿಸಬೇಡಿ. ಬಿಸಿ ಪುಡಿಗೆ ಗಾಳಿ ತಗುಲಿದರೆ ಇಂಗಾಲವೇ ಉರಿದುಹೋಗುತ್ತದೆ.

ಮುಂದಿನದು ಆಮ್ಲದ ತೊಳೆತ. ಬೇಸರವೆಂದು ಇದನ್ನು ಬಿಟ್ಟವರ ಕೋಶ ಬೇಗ ಸೊರಗುತ್ತದೆ. ಪುಡಿಯನ್ನು 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ 80 ಡಿಗ್ರಿಯಲ್ಲಿ ರಾತ್ರಿಯಿಡೀ ಕದಡಬೇಕು. ಮೇಲ್ಮೈಯ ಕೋಬಾಲ್ಟ್ ಕರಗಿ, ಪ್ಲಾಟಿನಂನ ತೆಳು ಹೊದಿಕೆ ಉಳಿಯುತ್ತದೆ. ಇಲ್ಲಿ ಕರಗಿಸದ ಕೋಬಾಲ್ಟ್ ಕೋಶದೊಳಗೆ ಕರಗಿ, ಪ್ರೋಟಾನ್‌ಗಳನ್ನು ಸಾಗಿಸುವ ಪೊರೆಗೆ ಸೇರುತ್ತದೆ. ಒಂದೊಂದು ಅಯಾನೂ ಎರಡು ಪ್ರೋಟಾನ್‌ಗಳ ಜಾಗ ಕಬಳಿಸುತ್ತದೆ. ಬಳಿಕ ಶುದ್ಧ ನೀರಿನಲ್ಲಿ ತೊಳೆದು, ಸೋಸಿದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟು ನೋಡಿ. ಬಿಳಿ ಮಬ್ಬು ಕಂಡರೆ ಕ್ಲೋರೈಡ್ ಇನ್ನೂ ಇದೆ, ಅದು ಪ್ಲಾಟಿನಂಗೆ ಅಂಟಿಕೊಂಡು ಕ್ರಿಯೆಯನ್ನು ಕಟ್ಟಿಹಾಕುತ್ತದೆ.

ಒಣಗಿದ ಪುಡಿಯಿಂದ ಲೇಪನದ ಶಾಯಿ ಮಾಡುವಾಗ ಮೊದಲು ನೀರಿನಲ್ಲಿ ಚೆನ್ನಾಗಿ ನೆನೆಸಿ, ಆಮೇಲೆ ಮಾತ್ರ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ. ಒಣ ಪುಡಿಗೆ ನೇರವಾಗಿ ಆಲ್ಕೋಹಾಲ್ ಸುರಿದರೆ ಬೆಂಕಿ ಹೊತ್ತಿಕೊಳ್ಳಬಹುದು.